ನೂರ ನಲವತ್ತನಾಲ್ಕನೆಯ ಮುನ್ನುಡಿ

ಬಾದಾಮಿ
29 ಸೆಪ್ಟೆಂಬರ್ 2024

ಗೆಳೆಯ ಸಂಗಯ್ಯನಿಗೆ,

ನಿನ್ನ ಹಸ್ತಪ್ರತಿಯ ಕಟ್ಟು ಬಂದು ಇಪ್ಪತ್ತು ದಿನವಾಯಿತು. ಇಷ್ಟು ದಿನ ಉತ್ತರವಿಲ್ಲವೆಂದು ನೀನು ಇಳಕಲ್ಲಿನಲ್ಲಿ ಕುಳಿತು ನನ್ನನ್ನು ಬೈದಿರುತ್ತೀ. ಬೈಯಿ. ಈ ಸಲ ಮಳೆ ಹೋಗುತ್ತೇನೆ ಎಂದು ಹೇಳಿ ಹೇಳಿ ಹೋಗಲೇ ಇಲ್ಲ. ಸೇವಂತಿಗೆ ಸಸಿಗಳ ಬುಡ ಕೊಳೆಯತೊಡಗಿತ್ತು. ಎರಡು ವಾರ ನನಗೂ ಮನೆಯಾಕೆ ಇಂದ್ರಾಬಾಯಿಗೂ ಮಡಿ ಕೆದರುವುದು, ನೀರು ಬಸಿಯಲು ಕಾಲುವೆ ಮಾಡುವುದು, ಬೂದಿ ಹಾಕುವುದು, ಇದೇ ಕೆಲಸ. ಈಗ ಮೊಗ್ಗು ಕಂಡಿವೆ. ಪೇರಲ ಗಿಡದ ಮಾತು ಮಾತ್ರ ಎತ್ತಬೇಡ. ಗುಡ್ಡದ ಮಂಗಗಳು ಇಳಿದು ಬಂದು ಒಂದೊಂದನ್ನೂ ಕಚ್ಚಿ ನೋಡಿ, ಇನ್ನೂ ಕಾಯಿ ಎಂದು ಖಾತ್ರಿಯಾದ ಮೇಲೆ ನನ್ನ ಮುಂದೆಯೇ ಎಸೆದು ಹೋಗುತ್ತವೆ. ನಲವತ್ತು ವರ್ಷದಲ್ಲಿ ಯಾವ ವಿಮರ್ಶಕನೂ ನನ್ನನ್ನು ಇಷ್ಟು ಅವಮಾನ ಮಾಡಿರಲಿಲ್ಲ.

ತೋಟ ಬಿಟ್ಟು ಒಳಗೆ ಬಂದರೆ ಮೇಜಿನ ಮೇಲೆ ಹದಿನಾರು ಪುಸ್ತಕ. ಕೆಲವಕ್ಕೆ ಮುನ್ನುಡಿ ಬೇಕು, ಕೆಲವಕ್ಕೆ ಬೆನ್ನಿನ ಮೇಲೆ ಎರಡು ಮಾತು ಬೇಕು. ಹೋದ ವಾರ ಕಮತಗಿಯ ಮಾಸ್ತರರೊಬ್ಬರು ಕವನಗಳ ಫೈಲು ಹಿಡಿದು ಬಂದರು. ನನ್ನ ಕೈಯೆಲ್ಲ ಮಣ್ಣು. "ನೀವು ಕೈ ತೊಕ್ಕೊಳ್ರಿ ಸರ, ನಾ ನಿಂದರ್ತೇನಿ. ನಿಮ್ಮ ಮುನ್ನುಡಿ ಇಲ್ಲಂದ್ರ ನಾ ಪುಸ್ತಕಾನ ಮಾಡಂಗಿಲ್ಲ" ಎಂದರು. ಹೀಗೆ ಹೇಳಿದರೆ ಇಲ್ಲವೆನ್ನುವುದು ಹೇಗೆ? ಅವರದು ನನ್ನ ನೂರ ನಲವತ್ತಮೂರನೆಯ ಮುನ್ನುಡಿ. ಲೆಕ್ಕ ಇಡುವವಳು ಇಂದ್ರಾಬಾಯಿ. "ಮುನ್ನುಡಿ ಬರಿಯೋದ್ರಾಗ ನಿಮ್ಮ ಕಾದಂಬರಿ ಹಿಂದ ಉಳೀತು" ಎಂದು ಚುಚ್ಚುತ್ತಾಳೆ. ಸುಳ್ಳಲ್ಲ. ನನ್ನ ಕಾದಂಬರಿ ಮೂರು ವರ್ಷದಿಂದ ತೊಂಬತ್ತನೆಯ ಪುಟದಲ್ಲಿ ಕುಳಿತಿದೆ.

ಈಗ ನಿನ್ನ ಪುಸ್ತಕ. ಇದೇ ಕಡೆಯದು, ಇನ್ನು ಬರೆಯುವುದಿಲ್ಲ ಎಂದು ಬರೆದಿದ್ದೀ. ನಾನು ನಂಬುವುದಿಲ್ಲ. ಆರಂಭದ ಸಂತೆಯ ವರ್ಣನೆ ಓದಿ ನನಗೆ ಹೊಟ್ಟೆಕಿಚ್ಚಾಯಿತು. ಕೊನೆಯಲ್ಲಿ ಪೋಸ್ಟ್ ಮಾಸ್ತರನ ಹೆಂಡತಿ ಹೊಸ ಊರಿನ ಮನೆಗೆ ದಾರಿ ತಪ್ಪುವ ಭಾಗವನ್ನು ಇಂದ್ರಾಬಾಯಿಗೂ ಓದಿ ಹೇಳಿದೆ. ಮುನ್ನುಡಿ ಇದರೊಂದಿಗಿದೆ. "ಈ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೇನೆ, ಇದರ ಪುಟಪುಟಕ್ಕೂ ನಾನು ಸಾಕ್ಷಿ" ಎಂಬ ಸಾಲು ನನಗೇ ಹಿಡಿಸಿತು. ನಲವತ್ತು ವರ್ಷದ ಗೆಳೆತನಕ್ಕೆ ಇಷ್ಟಾದರೂ ಬೇಡವೆ?

ಹನ್ನೊಂದನೆಯ ಅಧ್ಯಾಯವನ್ನು ಕುಳಿತು ಓದು, ಬೇಡವೆನಿಸಿದರೆ ಆ ಹಾಳೆಗಳನ್ನು ನಿನ್ನ ಹತ್ತಿರವೇ ಇಟ್ಟುಕೊಂಡು ಉಳಿದದ್ದನ್ನು ಕಳಿಸು, ಕಾರಣ ಕೇಳುವುದಿಲ್ಲ ಎಂದು ಚೀಟಿ ಇಟ್ಟಿದ್ದೀಯಲ್ಲ. ಲೇ ಸಂಗಯ್ಯಾ, ಅರವತ್ತೆಂಟನೆಯ ವಯಸ್ಸಿನಲ್ಲಿ ಬರೆಯುವವನಿಗೆ ಇಂಥ ಅಂಜಿಕೆ ಯಾಕೆ? ಎಲ್ಲ ಹಾಳೆಗಳನ್ನೂ ವಾಪಸು ಕಳಿಸಿದ್ದೇನೆ. ಒಂದಕ್ಷರವನ್ನೂ ತೆಗೆಯಬೇಡ.

ಬಿಡುಗಡೆಗೆ ನನ್ನನ್ನು ಕರೆಯಬೇಡ. ಮೊಣಕಾಲು ಬಸ್ಸಿನ ಮೆಟ್ಟಿಲು ಒಪ್ಪುವುದಿಲ್ಲ.

ನಿನ್ನ
ಪ್ರಹ್ಲಾದ

*

ಇಳಕಲ್ಲ
17 ಅಕ್ಟೋಬರ್ 2024

ಪ್ರಿಯ ಪ್ರಹ್ಲಾದ,

ಬನ್ನಿಯ ಎಲೆ ಎರಡು ಲಕೋಟೆಯೊಳಗಿವೆ. ಎದುರಿಗೆ ಇದ್ದರೆ ಕೈಯಲ್ಲಿ ಇಟ್ಟು "ಬಂಗಾರದಂಗ ಇರೋಣು" ಎನ್ನುತ್ತಿದ್ದೆ. ಅಂಚೆಯಲ್ಲೇ ತೆಗೆದುಕೋ. ಇಂದ್ರಾಬಾಯಿ ವಹಿನಿಯವರಿಗೂ ಒಂದು.

ಮುನ್ನುಡಿ ಮುಟ್ಟಿತು. ಹುನಗುಂದದ ಕಲ್ಲೇಶನ ಮುದ್ರಣಾಲಯಕ್ಕೆ ನಾನೇ ಒಯ್ದು ಕೊಟ್ಟು ಬಂದೆ. ಅವನು ಓದಿ, "ಸರ, ಪ್ರಹ್ಲಾದರಾಯರು ಎರಡೆರಡು ಸಲ ಓದ್ಯಾರಂದ್ರ ಮುಗೀತು ಬಿಡ್ರಿ, ಮುಖಪುಟದ ಮ್ಯಾಲ ಅವರ ಹೆಸರು ಹಾಕೂಣು" ಎಂದ. ಹಾಕು ಎಂದೆ. ನವೆಂಬರ್ ಇಪ್ಪತ್ತನಾಲ್ಕು, ಭಾನುವಾರ, ಬಾಗಲಕೋಟೆಯಲ್ಲಿ ಬಿಡುಗಡೆ. ನೀನು ಬಾರದಿದ್ದರೆ ಅಲ್ಲೇ ಇರುವ ನಿನ್ನ ತಂಗಿ ಸುಲಭಾತಾಯಿಯನ್ನೂ ಅವರ ಮಗಳು ಪ್ರಾಚಿಯನ್ನೂ ಕರೆಯಬೇಕೆಂದಿದ್ದೆ. ಕರೆಯುವುದು ಸರಿಯೋ ತಪ್ಪೋ ತಿಳಿಯದೆ ಬಿಟ್ಟೆ. ಪತ್ರಿಕೆಯಲ್ಲಿ ಹೇಗೂ ಬರುತ್ತದೆ.

ನೀನು ಕಳಿಸಿದ ಕಟ್ಟನ್ನು ಬಿಚ್ಚಿ ನೋಡಿದೆ. ನಿನಗೆ ಒಂದು ಮಾತು ಬರೆಯಬೇಕೆಂದು ಎರಡು ಸಲ ಕೂತೆ. ಒಂದಕ್ಷರವನ್ನೂ ತೆಗೆಯಬೇಡ ಎಂದು ನೀನೇ ಬರೆದಿದ್ದೀ, ಅದನ್ನು ಮತ್ತೆ ಓದಿ ಪೆನ್ನು ಮುಚ್ಚಿಟ್ಟೆ.

ನಿನ್ನ ಸೇವಂತಿಗೆ ಹೇಗಿವೆ? ನಮ್ಮಲ್ಲಿ ಹಿತ್ತಲು ಎಂದರೆ ಒಂದು ಕರಿಬೇವು, ಒಂದು ಲಿಂಬಿ. ಅಷ್ಟರಲ್ಲೇ ತೃಪ್ತಿ.

ನಿನ್ನವ
ಸಂಗಯ್ಯ

*

ನವನಗರ, ಬಾಗಲಕೋಟೆ
8 ಡಿಸೆಂಬರ್ 2024

ತೀರ್ಥರೂಪ ಅಣ್ಣನಿಗೆ ಸುಲಭಾಳ ನಮಸ್ಕಾರ.

ಫೋನು ಮಾಡಲಿಲ್ಲ. ಫೋನಿನಲ್ಲಿ ನಿನಗೆ ಅರ್ಧ ಕೇಳುವುದಿಲ್ಲ, ಮತ್ತು ಇದು ಕೂಗಿ ಹೇಳುವ ಮಾತಲ್ಲ.

ಸಂಗಯ್ಯನವರ ಪುಸ್ತಕ ಬಿಡುಗಡೆಗೆ ಪ್ರಾಚಿ ತಾನಾಗಿಯೇ ಹೋಗಿದ್ದಳು. ಮುಖಪುಟದ ಮೇಲೆ ಮಾಮಾನ ಹೆಸರಿದೆ ಎಂದು ಸಂತೋಷದಿಂದ ಎರಡು ಪ್ರತಿ ತಂದಳು. ಒಂದು ಮನೆಗೆ, ಒಂದು ಅವಳು ಪಾಠ ಮಾಡುವ ಕಾಲೇಜಿನ ಲೈಬ್ರರಿಗೆ. ಹೋದ ಭಾನುವಾರ ಬೆಳಿಗ್ಗೆ ನಾನು ಭಕ್ಕರಿ ಬಡಿಯುತ್ತಿದ್ದಾಗ ಪುಸ್ತಕವನ್ನು ತಂದು ಒಲೆಯ ಪಕ್ಕ ತೆರೆದಿಟ್ಟಳು.

"ಇದನ್ನ ಓದು" ಅಂದಳು.

"ಕೈಯೆಲ್ಲಾ ಹಿಟ್ಟಾಗ್ಯಾವ. ನೀನ ಓದಿ ಹೇಳು" ಅಂದೆ.

ನಿಂತುಕೊಂಡೇ ಓದಿದಳು. ಅಣೆಕಟ್ಟಿನ ನೀರಿನಲ್ಲಿ ಮುಳುಗಲಿರುವ ಒಂದು ಊರು. ಸಾಮಾನೆಲ್ಲ ಹೊಸ ಊರಿಗೆ ಹೋಗಿದೆ. ಪೋಸ್ಟ್ ಮಾಸ್ತರ ಕೊನೆಗೊಮ್ಮೆ ಮನೆ ನೋಡಿ ಬರುತ್ತೇನೆಂದು ಹೋಗುತ್ತಾನೆ, ಬರುವುದಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಅವನ ಚಪ್ಪಲಿ, ಚಪ್ಪಲಿಯ ಪಕ್ಕ ಅವನು ಕನ್ನಡಕ ಇಡುವ ಚಾಳೀಸಿನ ಡಬ್ಬಿ, ಡಬ್ಬಿಯೊಳಗೆ ಚೀಟಿ. ಹೆಂಡತಿಯೂ ಅವಳ ಅಣ್ಣನೂ ಜನ ಸೇರುವ ಮೊದಲೇ ಆ ಚೀಟಿಯನ್ನು ಬಚ್ಚಲ ಒಲೆಗೆ ಹಾಕಿ ಹೊರಗೆ ಬಂದು, ಕಾಲು ಜಾರಿತು ಎಂದು ಹೇಳುತ್ತಾರೆ.

ಇಷ್ಟು ಓದಿ ಕೇಳಿದಳು: "ಅಪ್ಪ ಕಾಲು ಜಾರಿ ಬಿದ್ದಿದ್ದು ಖರೇ ಏನು?"

ಹಂಚಿನ ಮೇಲಿನ ಭಕ್ಕರಿ ಹೊತ್ತಿತು. ಅವಳೇ ಒಲೆ ಆರಿಸಿದಳು. "ಮಾಮಾಗ ಗೊತ್ತದ, ಸಂಗಯ್ಯ ಕಾಕಾಗ ಗೊತ್ತದ, ಪುಸ್ತಕ ಕೊಂಡವರಿಗೆಲ್ಲಾ ಗೊತ್ತದ. ನನಗೊಬ್ಬಾಕಿಗೇ ಗೊತ್ತಿಲ್ಲ. ನಾ ಯಾರ ಮಗಳು ಹಂಗಾದ್ರ?" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತಿನಿಂದ ನನ್ನ ಸಂಗಡ ಮಾತಿಲ್ಲ. ಊಟ ಮಾಡುತ್ತಾಳೆ, ಕಾಲೇಜಿಗೆ ಹೋಗುತ್ತಾಳೆ, ಬರುತ್ತಾಳೆ.

ಶಿರೀಷ ಹೋದಾಗ ಅವಳಿಗೆ ನಾಲ್ಕು ವರ್ಷ. ದೊಡ್ಡವಳಾದ ಮೇಲೆ ನಾನೇ ಹೇಳುತ್ತೇನೆ ಎಂದುಕೊಂಡೆ. ಹತ್ತನೇತ್ತೆ ಮುಗಿಯಲಿ, ಡಿಗ್ರಿ ಆಗಲಿ, ನೌಕರಿ ಸಿಗಲಿ ಎಂದು ಮುಂದೆ ಹಾಕಿದೆ. ಆ ತಪ್ಪು ನನ್ನದು. ಆದರೆ ಹೇಳುವ ಹಕ್ಕೂ ನನ್ನದೇ ಇತ್ತು ಅಣ್ಣಾ. ಆ ಡಬ್ಬಿಯ ವಿಷಯ ನಮ್ಮಿಬ್ಬರಿಗೇ ಗೊತ್ತಿತ್ತು. ಯಾರಿಗೂ ಹೇಳುವುದಿಲ್ಲ ಎಂದು ನೀನು ದೇವರ ಮನೆಯಲ್ಲಿ ನಿಂತು ಹೇಳಿದ್ದೆ.

ಸಂಗಯ್ಯನವರ ಮೇಲೆ ಸಿಟ್ಟು ಬಂತು. ಹೊರಗಿನವರ ಮೇಲಿನ ಸಿಟ್ಟು ಆರುತ್ತದೆ. ಆಮೇಲೆ ನಿನ್ನ ಮುನ್ನುಡಿ ಓದಿದೆ. ಎರಡು ಸಲ ಓದಿದ್ದೇನೆ, ಪುಟಪುಟಕ್ಕೂ ಸಾಕ್ಷಿ ಎಂದು ಬರೆದಿದ್ದೀ. ನನ್ನ ಮನೆಯ ಈ ಪುಟವನ್ನು ಓದಿ, ಒಪ್ಪಿ, ಕೆಳಗೆ ಸಹಿ ಮಾಡಿದೆಯೇನು? ಬೇರೇನೂ ಬರೆಯಬೇಡ. ಇದಕ್ಕೊಂದು ಉತ್ತರ ಬರೆ.

ಸುಲಭಾ

*

ಬಾದಾಮಿ
12 ಡಿಸೆಂಬರ್ 2024

ಸಂಗಯ್ಯ,

ಪ್ರಿಯ, ಗೆಳೆಯ ಎಂದೆಲ್ಲ ಬರೆಯಲು ಕೈ ಏಳುತ್ತಿಲ್ಲ.

ಸುಲಭಾಳ ಪತ್ರ ಬಂತು. ನಿನ್ನ ಹನ್ನೊಂದನೆಯ ಅಧ್ಯಾಯವನ್ನು ಅಚ್ಚಿನಲ್ಲಿ ಓದಿದೆ. ಓದಿ ಮುಗಿಸಿ ಹೊರಗೆ ಹೋಗಿ ತೋಟದಲ್ಲಿ ನಿಂತೆ. ಇಂದ್ರಾಬಾಯಿ ಬಂದು ಏನಾಯಿತೆಂದು ಕೇಳಿದರೆ ಹೇಳಲಿಕ್ಕೂ ಬಾಯಿಲ್ಲ, ಯಾಕೆಂದರೆ ಅವಳಿಗೂ ನಾನು ಈ ಸಂಗತಿ ಹೇಳಿರಲಿಲ್ಲ. ನನ್ನ ಹೆಂಡತಿಗೆ ಹೇಳದ್ದನ್ನು ನಿನಗೆ ಹೇಳಿದ್ದೆ. ಹನ್ನೆರಡು ವರ್ಷದ ಹಿಂದೆ, ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕುಳಿತು, ಎದೆಯ ಭಾರ ತಾಳಲಾರದೆ ಹೇಳಿದೆ. ನೀನು ನನ್ನ ಭುಜದ ಮೇಲೆ ಕೈ ಇಟ್ಟೆ. ಆ ಕೈ ಅವತ್ತೇ ಟಿಪ್ಪಣಿ ಬರೆದುಕೊಳ್ಳುತ್ತಿತ್ತು ಎಂದು ನನಗೆ ತಿಳಿಯಲಿಲ್ಲ.

ಹೆಸರು ಬದಲಿಸಿದೆ, ಗಣಿತದ ಮಾಸ್ತರ ಶಿರೀಷನನ್ನು ಪೋಸ್ಟ್ ಮಾಸ್ತರ ಮಾಡಿದೆ, ಮುಗಿಯಿತೇನು? ಚಾಳೀಸಿನ ಡಬ್ಬಿ ಹಾಗೆಯೇ ಇದೆಯಲ್ಲ! ಚಪ್ಪಲಿಯ ಪಕ್ಕ ಇದೆಯಲ್ಲ! ಒಬ್ಬ ಹೆಣ್ಣುಮಗಳು ತನ್ನ ತಂದೆ ಹೇಗೆ ಸತ್ತನೆಂದು ನಿನ್ನ ಕಾದಂಬರಿಯಿಂದ ತಿಳಿದುಕೊಂಡಳು. ಇಪ್ಪತ್ತಮೂರು ವರ್ಷ ಸುಲಭಾ ಕಾಪಾಡಿಕೊಂಡು ಬಂದದ್ದನ್ನು ನೀನು ಹುನಗುಂದದಲ್ಲಿ ಐನೂರು ಪ್ರತಿ ಅಚ್ಚು ಹಾಕಿಸಿದೆ.

ಇನ್ನೊಂದು ಮಾತು. ನಾನು ನೋಡಿದ ಹಸ್ತಪ್ರತಿಯಲ್ಲಿ ಇದು ಇರಲಿಲ್ಲ. ಇದ್ದಿದ್ದರೆ ನಾನು ಸುಮ್ಮನೆ ಇರುತ್ತಿದ್ದೆನೇ? ಮುನ್ನುಡಿ ಕೈಗೆ ಬಂದ ಮೇಲೆ ನೀನು ಈ ಅಧ್ಯಾಯವನ್ನು ಬದಲಿಸಿ ಸೇರಿಸಿದ್ದೀ. ನನ್ನ ಹೆಸರನ್ನು ಬಾಗಿಲಿಗೆ ಕಾವಲು ನಿಲ್ಲಿಸಿ ಒಳಗೆ ನನ್ನ ತಂಗಿಯ ಮನೆ ಲೂಟಿ ಮಾಡಿದೆ. ಇದಕ್ಕೆ ದ್ರೋಹ ಎನ್ನದೆ ಬೇರೆ ಏನೆನ್ನಲಿ?

ಉಳಿದ ಪ್ರತಿಗಳನ್ನು ಕಲ್ಲೇಶನಿಂದ ಹಿಂದಕ್ಕೆ ತರಿಸು. ಮುನ್ನುಡಿ ಕಿತ್ತು ಹಾಕಿಸು. ಆಮೇಲೆ ನನಗೆ ಪತ್ರ ಬರೆಯುವ ಕಷ್ಟ ತೆಗೆದುಕೊಳ್ಳಬೇಡ.

ಪ್ರಹ್ಲಾದ

*

ಇಳಕಲ್ಲ
22 ಡಿಸೆಂಬರ್ 2024

ಪ್ರಹ್ಲಾದ,

ಬರೆಯಬೇಡ ಎಂದಿದ್ದೀ. ಇದೊಂದು ಬರೆಯುತ್ತೇನೆ.

ಕಲ್ಲೇಶನ ಹತ್ತಿರ ಉಳಿದಿದ್ದ ಪ್ರತಿಗಳನ್ನು ನಿನ್ನೆ ರಿಕ್ಷಾದಲ್ಲಿ ಹಾಕಿಸಿಕೊಂಡು ಮನೆಗೆ ತಂದಿದ್ದೇನೆ. ಅವನು ಯಾಕೆಂದು ಕೇಳಿದ. ನನ್ನಿಂದ ತಪ್ಪಾಗಿದೆ ಎಂದೆ. "ಅಚ್ಚಿನ ತಪ್ಪೇನ್ರಿ ಸರ?" ಎಂದ. ಅಲ್ಲ ಎಂದೆ. ಮಾರಾಟವಾದವನ್ನು ತರಿಸಲು ನನ್ನಿಂದ ಆಗುವುದಿಲ್ಲ.

ಈ ಪತ್ರದ ಜೊತೆ ಹನ್ನೊಂದನೆಯ ಅಧ್ಯಾಯದ ಹಸ್ತಪ್ರತಿ ಇಟ್ಟಿದ್ದೇನೆ. ನಾನು ಯಾವಾಗಲೂ ಪ್ರತಿ ಅಧ್ಯಾಯವನ್ನು ಮಗ್ಗದ ಮನೆಯಿಂದ ತಂದ ರೇಷ್ಮೆ ಎಳೆಯಲ್ಲಿ ಬೇರೆ ಬೇರೆ ಕಟ್ಟಿ ಕಳಿಸುತ್ತೇನೆ, ನಿನಗೆ ಗೊತ್ತು. ಇದರ ಹಸಿರು ಎಳೆಯನ್ನು ನೋಡು. ಸೆಪ್ಟೆಂಬರಿನಲ್ಲಿ ನಾನು ಹಾಕಿದ ಗಂಟು ಹಾಗೆಯೇ ಇದೆ. ಅಚ್ಚಿಗೆ ಕೊಟ್ಟದ್ದು ಯಾವಾಗಲಿನಂತೆ ನನ್ನ ಹತ್ತಿರವಿದ್ದ ಇನ್ನೊಂದು ಪ್ರತಿ. ನೀನು ವಾಪಸು ಕಳಿಸಿದ ಹದಿನಾಲ್ಕು ಅಧ್ಯಾಯಗಳಲ್ಲಿ ಬಿಚ್ಚಿದ್ದವು ನಾಲ್ಕು: ಒಂದು, ಎರಡು, ಏಳು ಮತ್ತು ಹದಿನಾಲ್ಕು. ನಾನು ಏನನ್ನೂ ಆಮೇಲೆ ಸೇರಿಸಲಿಲ್ಲ. ನೀನು ಓದಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಗೆದ್ದಂತೆ ಕಾಣುತ್ತದೆ. ಗೆದ್ದಿಲ್ಲ. ಕಟ್ಟು ಬಂದ ದಿನವೇ ನಾನು ಆ ಗಂಟುಗಳನ್ನು ನೋಡಿದೆ. ಓದಿಲ್ಲವೆಂದು ಆಗಲೇ ಗೊತ್ತಾಯಿತು. ನಿನಗೆ ಒಂದು ಕಾರ್ಡು ಬರೆದಿದ್ದರೆ ಸಾಕಾಗಿತ್ತು, ಬಸ್ಸು ಹತ್ತಿ ಬಂದಿದ್ದರೆ ಮೂರು ತಾಸಿನ ದಾರಿ. ಬರೆಯಲಿಲ್ಲ, ಬರಲಿಲ್ಲ. ಯಾಕೆಂದರೆ ನಾನು ಇಡೀ ಜೀವನದಲ್ಲಿ ಬರೆದದ್ದರಲ್ಲಿ ಆ ಅಧ್ಯಾಯವೊಂದೇ ನಿಜವಾಗಿ ಚೆನ್ನಾಗಿ ಬಂದದ್ದು. ನೀನು ಓದಿದರೆ ತೆಗೆ ಎನ್ನುತ್ತೀ ಎಂದು ಗೊತ್ತಿತ್ತು. ಒಂದಕ್ಷರವನ್ನೂ ತೆಗೆಯಬೇಡ ಎಂಬ ನಿನ್ನ ಅಕ್ಷರ ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡು ಅಚ್ಚಿಗೆ ಹೋದೆ. ಕೇಳಿದ ಹಾಗೂ ಆಯಿತು, ಒಪ್ಪಿಗೆ ಸಿಕ್ಕ ಹಾಗೂ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ದ್ರೋಹ ಎಂದಿದ್ದೀ. ಹೌದು.

ಆದರೆ ನನ್ನ ನೋವನ್ನೂ ಹೇಳುತ್ತೇನೆ, ಇನ್ನು ಮುಚ್ಚಿಡುವುದೇನಿದೆ. ಆ ನಾಲ್ಕರಲ್ಲಿ ಮಾತ್ರ ಎಳೆ ಇಲ್ಲದ್ದನ್ನು ನೋಡಿದ ಮೇಲೆ ಅಟ್ಟದಿಂದ ಹಳೆಯ ಕಟ್ಟುಗಳನ್ನೂ ಇಳಿಸಿದೆ. ನನ್ನ ಆರು ಪುಸ್ತಕಗಳಿಗೆ ನೀನು ಮುನ್ನುಡಿ ಬರೆದಿದ್ದೀ. ಹಸ್ತಪ್ರತಿ ವಾಪಸು ಬಂದಾಗ ನಾನು ಯಾವತ್ತೂ ಬಿಚ್ಚಿ ನೋಡುತ್ತಿರಲಿಲ್ಲ, ನೋಡುವುದು ಅನುಮಾನಿಸಿದಂತೆ ಎಂದುಕೊಂಡಿದ್ದೆ. ಆರರಲ್ಲೂ ಅಷ್ಟೇ. ಮೊದಲ ಎರಡು, ನಡುವೆ ಒಂದು, ಕೊನೆಯದು. ನಲವತ್ತು ವರ್ಷ ನಾನು ಬರೆಯುವಾಗ ಪ್ರಹ್ಲಾದ ಇದನ್ನು ಹೇಗೆ ಓದುತ್ತಾನೋ ಎಂದು ಒಬ್ಬನೇ ಒಬ್ಬ ಓದುಗನನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದೆ. ಆ ಓದುಗ ಇರಲೇ ಇಲ್ಲ.

ಸುಲಭಾತಾಯಿಯ ಮನೆಗೆ ಹೋಗಿ ಕಾಲಿಗೆ ಬೀಳಬೇಕೆಂದಿದ್ದೇನೆ. ಅದಕ್ಕೆ ಮೊದಲು ನೀನು ಅವರಿಗೆ ನಿಜ ಹೇಳು. ಓದಿ ಒಪ್ಪಿದೆ ಎಂದು ಅವರು ತಿಳಿದಿದ್ದಾರೆ. ಅದು ಸುಳ್ಳೆಂದು ಹೇಳಬೇಕಾದವನು ನೀನು, ನಾನಲ್ಲ.

ಸಂಗಯ್ಯ

*

ಬಾದಾಮಿ
16 ಜನವರಿ 2025

ಚಿರಂಜೀವಿ ಸುಲಭಾಳಿಗೆ ಅಣ್ಣನ ಆಶೀರ್ವಾದ.

ಒಂದೇ ಪ್ರಶ್ನೆ ಕೇಳಿದ್ದೆ. ಉತ್ತರಕ್ಕೆ ಐದು ವಾರ ಹಿಡಿಯಿತು. ನಾಲ್ಕು ಸಲ ಬರೆದು ಹರಿದೆ. ನಿನ್ನೆ ಸಂಕ್ರಾಂತಿಯ ಎಳ್ಳು ಬೀರಲು ಬಂದವರು ಹೋದ ಮೇಲೆ ಇಂದ್ರಾಬಾಯಿಗೆ ಎಲ್ಲ ಹೇಳಿದೆ, ಶಿರೀಷನ ವಿಷಯವನ್ನೂ. ಅವಳು ಎಳ್ಳಿನ ತಟ್ಟೆ ಎತ್ತಿಟ್ಟು ಬಂದಳು. ಆಮೇಲೆ, "ಸಂಗಯ್ಯನವರ ಕಟ್ಟಿನ ರೇಷ್ಮಿ ದಾರ ನಾ ಹೂ ಕಟ್ಟಲಿಕ್ಕೆ ತಗೋತೀನಲ್ಲ, ಪ್ರತಿ ಸಲಾ ನಾಲ್ಕ ಬರ್ತಾವ. ನಾ ಯಾವತ್ತಾದ್ರೂ ಕೇಳೀನೇನು? ಈಗ ಕೇಳ್ತೀನಿ. ಸುಲಭಾಗ ಯಾವಾಗ ಬರೀತೀರಿ?" ಎಂದಳು. ಅದಕ್ಕೇ ಇವತ್ತು ಕೂತಿದ್ದೇನೆ.

ನಾನು ಆ ಅಧ್ಯಾಯವನ್ನು ಓದಿರಲಿಲ್ಲ. ಓದಿ ಒಪ್ಪಲಿಲ್ಲ, ಓದಿ ಬಿಡಲಿಲ್ಲ. ಓದಲೇ ಇಲ್ಲ. ಅದನ್ನು ಕುಳಿತು ಓದು, ಬೇಡವಾದರೆ ಹಾಳೆ ಇಟ್ಟುಕೋ ಎಂದು ಸಂಗಯ್ಯ ಚೀಟಿ ಬರೆದಿದ್ದ. ಚೀಟಿ ಓದಿದೆ, ಹಾಳೆ ಓದಲಿಲ್ಲ. ಒಂದಕ್ಷರ ತೆಗೆಯಬೇಡ ಎಂದು ದೊಡ್ಡ ಮನುಷ್ಯನ ಹಾಗೆ ಬರೆದು ಕಳಿಸಿದೆ. ಆಮೇಲೆ ಅವನೇ ಮೋಸ ಮಾಡಿದ ಎಂದು ಅವನ ಮೇಲೆ ಹರಿಹಾಯ್ದೆ. ಅವನೂ ತಪ್ಪಿದ್ದಾನೆ, ಅದನ್ನು ಅವನೇ ಬಂದು ಹೇಳುತ್ತಾನೆ. ನನ್ನದು ನಾನು ಹೇಳುತ್ತೇನೆ.

ಮುನ್ನುಡಿ ಬರೆಯುವುದಕ್ಕೆ ನನ್ನದೊಂದು ಪದ್ಧತಿ ಇದೆ. ಆರಂಭದ ಇಪ್ಪತ್ತು ಮೂವತ್ತು ಪುಟ, ಕೊನೆಯ ಹತ್ತು ಪುಟ, ನಡುವೆ ಎಲ್ಲಾದರೂ ಒಂದು ಕಡೆ ಕೈ ಹಾಕಿ ನೋಡುವುದು. ಎರಡು ಸಾಲು ಎತ್ತಿ ಬರೆದು ಹೊಗಳಿದರೆ ಬರೆದವರಿಗೆ ತೃಪ್ತಿ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಮೊದಮೊದಲು ನಾಚಿಕೆ ಆಗುತ್ತಿತ್ತು. ನಂತರ ಅಭ್ಯಾಸವಾಯಿತು. ಆಮೇಲೆ ಅದನ್ನೇ ಅನುಭವ ಎಂದು ಕರೆದುಕೊಂಡೆ. ಗಿಡದ ಬುಡಕ್ಕೆ ದಿನಾ ಬೆಳಿಗ್ಗೆ ಎರಡು ತಾಸು ಕುಳಿತುಕೊಳ್ಳುವವನಿಗೆ ಗೆಳೆಯನ ಇನ್ನೂರು ಪುಟಕ್ಕೆ ಹೊತ್ತಿರಲಿಲ್ಲ.

ಸಂಗಯ್ಯನಿಗೆ ಶಿರೀಷನ ವಿಷಯ ಹೇಳಿದವನೂ ನಾನೇ. ದೇವರ ಮನೆಯಲ್ಲಿ ಕೊಟ್ಟ ಮಾತು ಮುರಿದೆ. ಅದಕ್ಕೆ ನೆಪ ಹೇಳುವುದಿಲ್ಲ.

ಪ್ರಾಚಿ ಮಾತಾಡಿದಳೇ? ಅವಳಿಗೆ ಈ ಪತ್ರವನ್ನು ಓದಲು ಕೊಡು. ಅವಳ ಮಾಮಾ ಅವಳ ತಂದೆಯನ್ನು ಬೇಕೆಂದು ಬೀದಿಗೆ ತರಲಿಲ್ಲ ಎಂಬುದಾದರೂ ತಿಳಿಯಲಿ. ಇನ್ನು ಯಾರಿಗೂ ಮುನ್ನುಡಿ ಬರೆಯುವುದಿಲ್ಲ. ಮೇಜಿನ ಮೇಲಿದ್ದ ಪುಸ್ತಕಗಳನ್ನೆಲ್ಲ ವಾಪಸು ಕಳಿಸಿದ್ದೇನೆ, ಓದಿಲ್ಲ ಎಂದು ಬರೆದೇ ಕಳಿಸಿದ್ದೇನೆ.

ಕ್ಷಮಿಸು ಎಂದು ಕೇಳುವ ಧೈರ್ಯ ಇಲ್ಲ. ಕೇಳುತ್ತಿದ್ದೇನೆ.

ನಿನ್ನ ಅಣ್ಣ
ಪ್ರಹ್ಲಾದ

*

ನವನಗರ, ಬಾಗಲಕೋಟೆ
9 ಫೆಬ್ರುವರಿ 2025

ಅಣ್ಣನಿಗೆ,

ಪತ್ರ ಓದಿದೆ. ಪ್ರಾಚಿಗೂ ಕೊಟ್ಟೆ.

ಅವಳು ಮಾತಾಡಿದಳು. ಸಂಗಯ್ಯನವರು ಬಂದಿದ್ದರು. ನಾನು ಒಳಗೇ ಇದ್ದೆ, ಪ್ರಾಚಿಯೇ ಅವರಿಗೆ ಕುರ್ಚಿ ಹಾಕಿ ನೀರು ಕೊಟ್ಟಳು. ಅವರು ಅತ್ತರು. "ಅಳಬ್ಯಾಡ್ರಿ ಕಾಕಾ. ನೀವು ಬರೀಲಿಲ್ಲಂದ್ರ ನಮ್ಮಮ್ಮ ಯಾವತ್ತೂ ಹೇಳ್ತಿದ್ದಿಲ್ಲ. ಆದ್ರ ನಿಮಗ ಥ್ಯಾಂಕ್ಸ್ ಅನ್ನಲಿಕ್ಕೆ ನನಗ ಆಗೂದಿಲ್ಲ" ಅಂದಳು. ಅವರು ಹೋದ ಮೇಲೆ ನನ್ನ ಪಕ್ಕ ಬಂದು ಕುಳಿತಳು. ಚೀಟಿಯಲ್ಲಿ ಏನಿತ್ತು ಎಂದು ಕೇಳಿದಳು. ಮೂರೇ ಸಾಲು, ಹೇಳಿದೆ. ಮೂರನೆಯ ಸಾಲಿನಲ್ಲಿ ಅವಳ ಹೆಸರಿತ್ತು. ಅದನ್ನು ಸುಟ್ಟೆಯಾ ಎಂದು ಕೇಳಿದಳು. ಇಬ್ಬರೂ ಅತ್ತೆವು. ಈಗ ದಿನಾ ಒಂದೊಂದು ಕೇಳುತ್ತಾಳೆ, ಗೊತ್ತಿದ್ದಷ್ಟು ಹೇಳುತ್ತೇನೆ. ಅಲ್ಲಿಗೆ ಅದು ನಮ್ಮಿಬ್ಬರದು. ನೀನು ಅದರ ಚಿಂತೆ ಬಿಡು.

ನನಗೆ ಬೇರೆ ಚಿಂತೆ ಹತ್ತಿದೆ.

ನನ್ನ ಮದುವೆಗೆ ಎರಡು ವರ್ಷ ಮೊದಲು, ನಾನು ಬಿ.ಎಡ್. ಮಾಡುತ್ತಿದ್ದಾಗ, ನಿನಗೊಂದು ನೋಟಬುಕ್ ಕೊಟ್ಟಿದ್ದೆ. ನೆನಪಿದೆಯೋ ಇಲ್ಲವೋ. ಒಂಬತ್ತು ಕಥೆ ಇದ್ದವು. ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಿನ್ನ ಮೊದಲ ಪುಸ್ತಕ ಆಗಷ್ಟೇ ಬಂದಿತ್ತು, ನೀನೇ ನನಗೆ ಗೊತ್ತಿದ್ದ ಒಬ್ಬ ಬರಹಗಾರ. ವಾರದೊಳಗೆ ವಾಪಸು ಕೊಟ್ಟೆ. ಒಳಗೊಂದು ಚೀಟಿ: "ಎರಡು ಸಲ ಓದಿದೆ. ಪ್ರಯತ್ನ ಒಳ್ಳೆಯದು. ಆದರೆ ಅಚ್ಚಿಗೆ ಹೋಗುವಂಥದ್ದಲ್ಲ, ಮನೆಯಲ್ಲೇ ಇರಲಿ."

ಅಣ್ಣ ಎರಡು ಸಲ ಓದಿ ಹೇಳಿದ್ದಾನೆಂದರೆ ಮುಗಿಯಿತು ಎಂದುಕೊಂಡೆ. ಮತ್ತೆ ಬರೆಯಲಿಲ್ಲ. ಶಾಲೆ, ಮನೆ, ಪ್ರಾಚಿ, ಮೂವತ್ತು ವರ್ಷ ಹೋದವು. ಹಳೆಯ ಊರು ಮುಳುಗುತ್ತದೆಂದು ಕಿಲ್ಲಾ ಓಣಿಯ ಮನೆ ಬಿಡುವಾಗ ಹಳೆಯ ಒರಳನ್ನೂ ಹೊತ್ತು ತಂದೆವು, ಬಾಗಿಲ ಚೌಕಟ್ಟನ್ನೂ ಕಿತ್ತು ತಂದೆವು. ನೋಟಬುಕ್ಕನ್ನು ಮಾತ್ರ ಅಟ್ಟದ ಮೇಲೆಯೇ ಬಿಟ್ಟು ಬಂದೆ. ಅದರ ಮೇಲೆ ಈಗ ನೀರಿದೆ.

ಚೆನ್ನಾಗಿತ್ತೇ ಎಂದು ನಾನು ಕೇಳುವುದಿಲ್ಲ. ಅರವತ್ತು ದಾಟಿದ ಮೇಲೆ ಅದನ್ನು ಕೇಳಿ ಏನಾಗಬೇಕಿದೆ? ನೀನು ಪತ್ರದಲ್ಲಿ ನಿನ್ನ ಪದ್ಧತಿ ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನಿನ್ನ ಆ ಚೀಟಿಯೇ ನೆನಪಾಗುತ್ತಿದೆ.

ಅದನ್ನಾದರೂ ಓದಿದ್ದೆಯೇನು?

ಸುಲಭಾ

*

ಬಾದಾಮಿ
30 ಮಾರ್ಚ್ 2025

ಸುಲಭಾ,

ಇಲ್ಲ. ಓದಿರಲಿಲ್ಲ.

ಮೊದಲನೆಯ ಕಥೆಯನ್ನು ಮಾತ್ರ ಓದಿದೆ. "ನಮ್ಮ ಓಣಿಯ ಬಾವಿಗೆ ಎಲ್ಲ ಹೆಂಗಸರ ಹೆಸರು ಗೊತ್ತಿತ್ತು, ಓಣಿಯ ಗಂಡಸರಿಗೆ ಗೊತ್ತಿರಲಿಲ್ಲ" ಎಂದು ಅದು ಶುರುವಾಗುತ್ತದೆ. ಮೂವತ್ತೆಂಟು ವರ್ಷವಾದರೂ ಆ ಕಥೆ ನನಗೆ ಬಾಯಿಪಾಠ ಇದೆ. ಹೊತ್ತಿಲ್ಲದೆ ಓದದೆ ಬಿಟ್ಟದ್ದಲ್ಲ ಅದು. ಇಂಥ ಒಂದು ಕಥೆಯನ್ನು ನಾನು ಎಂದೂ ಬರೆಯಲಾರೆ ಎಂದು ಆ ಒಂದರಲ್ಲೇ ತಿಳಿಯಿತು. ಉಳಿದ ಎಂಟನ್ನು ಓದುವ ಧೈರ್ಯ ಆಗಲಿಲ್ಲ.

ಆಮೇಲೆ ಆ ಚೀಟಿ ಬರೆದೆ.

ಪ್ರಹ್ಲಾದ